ಗುರಿ ತಪ್ಪದ ಪಿಸ್ತೂಲು

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಇಂಗ್ಲೆಂಡಿನಿಂದ ಹಿಂದೂಸ್ಥಾನಕ್ಕೆ ಹೊರಟ ತರುಣ ಸೈನ್ಯಾಧಿಕಾರಿಯು ಹಡಗು ಹತ್ತುವ ಮುನ್ನ ಅನೇಕ ಅಂಗಡಿಗಳನ್ನು ಹತ್ತಿಳಿಯಬೇಕಾಗುತ್ತಿತ್ತು. ಸಿಪಾಯಿಯ ಬಂದೂಕನ್ನು ಸರಕಾರ ಕೊಡುತ್ತಿತ್ತು; ಅಧಿಕಾರಿಯಾದರೋ ತನ್ನ ಕತ್ತಿ, ತನ್ನ ಉಡುಪು, ತನ್ನ ಪಿಸ್ತೂಲು ಎಲ್ಲವನ್ನೂ ಸ್ವಂತ ಹಣದಿಂದಲೇ ಕೊಂಡುಕೊಳ್ಳತಕ್ಕದ್ದು. ಕತ್ತಿಯ ವಿಚಾರದಲ್ಲಿ ಅಷ್ಟೇನೂ ಗೊಂದಲವಿರಲಿಲ್ಲ. ಪಿಸ್ತೂಲಿನ ವಿಚಾರದಲ್ಲಿ ಮಾತ್ರ 1851ರಿಂದ ಈಚೆಗೆ ಲಂಡನ್ನಿನಲ್ಲಿ ಎರಡು ಪಕ್ಷಗಳಾಗಿ, ಒಬ್ಬರು ಮೆಚ್ಚಿದ್ದನ್ನು ಇನ್ನೊಬ್ಬರು ಮೂದಲಿಸುವ ಸ್ಥಿತಿ ಉಂಟಾಯಿತು. ಈ ಅಭಿರುಚಿಯ ಜಗಳ ಮೇಲುನೋಟಕ್ಕೆ ಕ್ಷುಲ್ಲಕವಾದದ್ದು. ಆದರೆ ಅದರ ಕೊನೆ ನಮ್ಮ ದೇಶದ ನೆಲದ ಮೇಲೆ, 1857ರ ಆ ಘೋರ ವರ್ಷದಲ್ಲಿ, ಇಬ್ಬರು ಮನುಷ್ಯರ ಹೆಣಗಳ ಬಳಿಗೆ ಹೋಗಿ ನಿಲ್ಲುತ್ತದೆ. ಆದಕಾರಣ ಅದನ್ನು ಸ್ವಲ್ಪ ವಿವರವಾಗಿ ಹೇಳಲು ಬಯಸುತ್ತೇನೆ.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾಪ್ರದರ್ಶನದ ಹೆಸರನ್ನು ಕೇಳದವರು ವಿರಳ. ಗಾಜಿನಿಂದಲೂ ಕಬ್ಬಿಣದಿಂದಲೂ ಕಟ್ಟಿದ ಆ ವಿಶಾಲವಾದ ಅರಮನೆಯಲ್ಲಿ ಲೋಕದ ನಾನಾ ದೇಶಗಳ ಕೈಗಾರಿಕೆಯ ವಸ್ತುಗಳನ್ನು ಒಟ್ಟಿದ್ದರು. ನಮ್ಮ ಕೊಹಿನೂರ್ ವಜ್ರವೂ ಅಲ್ಲಿ ಒಂದು ಪಂಜರದಲ್ಲಿ ಕುಳಿತಿತ್ತು; ಅದರ ಹೊಳಪು ಸಾಲದೆಂದು ನೋಡಬಂದವರು ಗೊಣಗಿಕೊಂಡರಂತೆ. ಅಮೆರಿಕದ ವಿಭಾಗದಲ್ಲಿ ಸ್ಯಾಮ್ಯುಯಲ್ ಕೋಲ್ಟ್ ಎಂಬಾತ ತನ್ನ ರಿವಾಲ್ವರುಗಳನ್ನು ಗೋಡೆಯ ತುಂಬ ಜೋಡಿಸಿ ಇಟ್ಟಿದ್ದನು. ಈತ 1836ರಲ್ಲೇ ಅಮೆರಿಕದಲ್ಲಿ ಹಕ್ಕುಪತ್ರ ಪಡೆದಿದ್ದನು. ಮೊದಲ ಕಾರ್ಖಾನೆ ದಿವಾಳಿಯೆದ್ದು ಕೆಲವು ವರ್ಷ ಕಷ್ಟಪಟ್ಟು, ಮೆಕ್ಸಿಕೋ ಯುದ್ಧದ ಬೇಡಿಕೆಯಿಂದ ಮರಳಿ ತಲೆಯೆತ್ತಿದ್ದನು. ಅದೇ ಪ್ರದರ್ಶನದಲ್ಲಿ, ಲಂಡನ್ನಿನವನೇ ಆದ ರಾಬರ್ಟ್ ಆಡಮ್ಸ್ ಎಂಬ ಬಂದೂಕುಗಾರನು ತನ್ನ ಹೊಸ ರಿವಾಲ್ವರನ್ನು ತಂದಿಟ್ಟನು. ಅಲ್ಲಿಂದ ಕಾದಾಟ ಮೊದಲಾಯಿತು.

ಎರಡಕ್ಕೂ ಇದ್ದ ವ್ಯತ್ಯಾಸವನ್ನು ತಿಳಿಯದಿದ್ದರೆ ಮುಂದಿನ ಕಥೆ ಅರ್ಥವಾಗದು. ಆ ಕಾಲದ ರಿವಾಲ್ವರಿಗೆ ಈಗಿನಂತೆ ಹಿತ್ತಾಳೆಯ ತೋಟಾ ಇರಲಿಲ್ಲ. ತಿರುಗುವ ಉರುಳೆಯ ಒಂದೊಂದು ಗೂಡಿಗೂ ಮದ್ದು ಸುರಿದು, ಅದರ ಮೇಲೆ ಸೀಸದ ಗುಂಡನ್ನು ಒತ್ತಿ, ಹಿಂದಿನ ಮೊಲೆಗೆ ತಾಮ್ರದ ಕೇಪನ್ನು ತೊಡಿಸಬೇಕು. ನಮ್ಮ ಮಲೆನಾಡಿನಲ್ಲಿ ಕೇಪಿನ ಕೋವಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಪಿನ ಮೇಲೆ ಬಡಿಯುವ ಕುದುರೆಯನ್ನು ಕೋಲ್ಟನ ಪಿಸ್ತೂಲಿನಲ್ಲಿ ಪ್ರತಿ ಸಲವೂ ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸಬೇಕಾಗಿತ್ತು. ಹಾಗೆ ಎಳೆದಾಗ ಉರುಳೆ ಒಂದು ಗೂಡಿನಷ್ಟು ತಿರುಗುತ್ತಿತ್ತು. ಆಮೇಲೆ ಟ್ರಿಗರನ್ನು ತುಸು ಮುಟ್ಟಿದರೂ ಸಾಕು, ಗುಂಡು ಹಾರುತ್ತಿತ್ತು. ಬೆರಳಿಗೆ ಶ್ರಮವಿಲ್ಲದ್ದರಿಂದ ಕೈ ಅಲುಗುತ್ತಿರಲಿಲ್ಲ. ಕೈ ಅಲುಗದ್ದರಿಂದ ಗುರಿ ಕೆಡುತ್ತಿರಲಿಲ್ಲ. ಏಳೂವರೆ ಅಂಗುಲದ ನಳಿಗೆಯ ಈ ‘ನೇವಿ’ ಮಾದರಿ ಆರು ಗುಂಡಿನದು. ನಳಿಗೆಯ ಒಳವ್ಯಾಸ ಅಂಗುಲದ ನೂರರಲ್ಲಿ 36 ಪಾಲು. ಕೈಯಲ್ಲಿ ಹಿಡಿದರೆ ತಾನಾಗಿ ಗುರಿಯತ್ತ ಮುಖ ಮಾಡುವಂಥ ತೂಕದ ಹದ ಅದರಲ್ಲಿತ್ತೆಂದು ಬಳಸಿದವರೆಲ್ಲರೂ ಹೊಗಳಿದ್ದಾರೆ.

ಆಡಮ್ಸನ ಪಿಸ್ತೂಲಿನಲ್ಲಿ ಹೆಬ್ಬೆರಳಿಗೆ ಕೆಲಸವೇ ಇಲ್ಲ. ಟ್ರಿಗರನ್ನು ಪೂರಾ ಎಳೆದರೆ ಉರುಳೆಯೂ ತಿರುಗಿ, ಕುದುರೆಯೂ ಎದ್ದು, ಬಿದ್ದು, ಗುಂಡು ಹಾರುವುದು. ಐದು ಗುಂಡುಗಳನ್ನು ಸರಸರನೆ ಹಾರಿಸಬಹುದು. ಆದರೆ ಇಷ್ಟು ಕೆಲಸವನ್ನೂ ಒಂದೇ ಬೆರಳು ಮಾಡಬೇಕಾದುದರಿಂದ ಎಳೆತ ಬಹಳ ಬಿಗಿ. ಎಳೆಯುವಷ್ಟರಲ್ಲಿ ನಳಿಗೆಯ ತುದಿ ಅತ್ತಿತ್ತ ಹೊಯ್ದಾಡುವುದು. ದೂರದ ಗುರಿಗೆ ಇದು ಯೋಗ್ಯವಲ್ಲವೆಂದು ಕೋಲ್ಟನ ಪಕ್ಷದವರು ಹೇಳಿದ್ದು ಸುಳ್ಳಲ್ಲ. ಗುಂಡು ಮಾತ್ರ ದಪ್ಪ. ಆಗಿನ ಇಂಗ್ಲಿಷ್ ಬಂದೂಕುಗಾರರು ಗುಂಡಿನ ಗಾತ್ರವನ್ನು ಒಂದು ಪೌಂಡು ಸೀಸದಿಂದ ಎಷ್ಟು ಉರುಟು ಗುಂಡುಗಳಾಗುತ್ತವೆ ಎಂಬ ಲೆಕ್ಕದಿಂದ ಹೇಳುತ್ತಿದ್ದರು. ಸಂಖ್ಯೆ ಚಿಕ್ಕದಾದಷ್ಟೂ ಗುಂಡು ದೊಡ್ಡದು. ಆಡಮ್ಸನ ಒಂದು ಮಾದರಿಗೆ ಈ ಸಂಖ್ಯೆ 54, ಇನ್ನೂ ದೊಡ್ಡದಕ್ಕೆ 38. ಕೋಲ್ಟನ ನೇವಿಗೆ ಅದೇ ಲೆಕ್ಕ ಹಾಕಿದರೆ 85ರ ಆಚೀಚೆ ಬರುತ್ತದೆ. ಎಂದರೆ ಆಡಮ್ಸನ ದೊಡ್ಡ ಗುಂಡೊಂದು ಕೋಲ್ಟನ ಎರಡು ಗುಂಡುಗಳಿಗಿಂತ ಹೆಚ್ಚು ತೂಗುತ್ತಿತ್ತು.

ಕೋಲ್ಟ್ ಸರಕನ್ನು ಮಾರುವುದರಲ್ಲಿ ಅಸಾಧ್ಯ ಚತುರ. ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಉಪನ್ಯಾಸ ಮಾಡಿದನು. ಗಣ್ಯರಿಗೆ ಕೆತ್ತನೆಯ ಪಿಸ್ತೂಲುಗಳನ್ನು ಉಡುಗೊರೆಯಾಗಿ ಕೊಟ್ಟನು. ಥೇಮ್ಸ್ ನದಿಯ ದಡದ ಪಿಮ್ಲಿಕೋದಲ್ಲಿ 1853ರ ಹೊತ್ತಿಗೆ ಕಾರ್ಖಾನೆಯನ್ನೇ ತೆರೆದುಬಿಟ್ಟನು. ಅವನದು ಯಂತ್ರದ ಕೆಲಸ, ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದುವಂಥದು. ಆಡಮ್ಸನದು ಬಹುಮಟ್ಟಿಗೆ ಕೈಕೆಲಸ, ಬೆಲೆಯೂ ಹೆಚ್ಚು. ಕ್ರಿಮಿಯಾ ಯುದ್ಧ ಬಂದಾಗ ಬ್ರಿಟಿಷ್ ಸರಕಾರ ನೌಕಾಪಡೆಗೂ ಭೂಸೈನ್ಯಕ್ಕೂ ಸೇರಿ ಕೋಲ್ಟನ ಪಿಸ್ತೂಲುಗಳನ್ನು 20,000ಕ್ಕೂ ಮಿಕ್ಕಿ ಕೊಂಡಿತು. ಇತ್ತ ಅಧಿಕಾರಿಗಳು ಮಾತ್ರ ತಮ್ಮ ತಮ್ಮ ಮನಸ್ಸಿಗೆ ಬಂದುದನ್ನೇ ಕೊಳ್ಳುತ್ತಿದ್ದರು. 1854ರ ಇಂಕರ್‌ಮನ್ ಕಾಳಗದಲ್ಲಿ ರಷ್ಯನ್ನರ ನಡುವೆ ಸಿಕ್ಕಿಬಿದ್ದ 88ನೆಯ ಪದಾತಿದಳದ ಅಧಿಕಾರಿಯೊಬ್ಬನು ಆಡಮ್ಸನಿಗೆ ಕಾಗದ ಬರೆದು, ಪ್ರತಿ ಗುಂಡಿಗೂ ಕುದುರೆ ಎಳೆಯುತ್ತ ನಿಂತಿದ್ದರೆ ತಾನು ಉಳಿಯುತ್ತಲೇ ಇರಲಿಲ್ಲ, ಒಂದೇ ಎಳೆತದ ಈ ಪಿಸ್ತೂಲೇ ತನ್ನ ಪ್ರಾಣ ಕಾಯಿತು ಎಂಬ ಅರ್ಥದ ಮಾತುಗಳನ್ನು ಹೇಳಿದನು. ಈ ಕಾಗದ ಆಡಮ್ಸನ ವ್ಯಾಪಾರಕ್ಕೆ ಬಹಳ ಒದಗಿತು. ಬದುಕಿ ಉಳಿದವನು ಮಾತ್ರ ಕಾಗದ ಬರೆಯಬಲ್ಲ. ಅದೇ ಪಿಸ್ತೂಲನ್ನು ಹಿಡಿದು ಸತ್ತವನ ಅಭಿಪ್ರಾಯ ಯಾವ ಬಂದೂಕುಗಾರನಿಗೂ ತಲುಪುವುದಿಲ್ಲ. ಇಂಥ ಪ್ರಶಂಸಾಪತ್ರಗಳನ್ನು ಚರಿತ್ರೆಯ ಆಧಾರವೆಂದು ಓದುವಾಗ ಈ ಎಚ್ಚರ ನಮಗಿರಬೇಕು.

ಇನ್ನು 1857. ಈಗ ಹೇಳುವ ಪ್ರಸಂಗವನ್ನು ಜಾರ್ಜ್ ವಿನ್ಸೆಂಟ್ ಫಾಸ್‌ಬೆರಿ ಎಂಬ ಬಂಗಾಳ ಸೈನ್ಯದ ಅಧಿಕಾರಿ ಮುಂದೆ ಎಷ್ಟೋ ವರ್ಷಗಳ ಮೇಲೆ ದಾಖಲಿಸಿದನು. ಈತ ಸಾಮಾನ್ಯನಲ್ಲ, 1863ರ ಅಂಬೇಲಾ ದಂಡಯಾತ್ರೆಯಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವನು, ಆಯುಧಗಳ ವಿಷಯದಲ್ಲಿ ಪಂಡಿತನೆನಿಸಿಕೊಂಡವನು. ಅವನು ಹೇಳುವುದು ಹೀಗೆ. ದಂಗೆಯ ದಿನಗಳಲ್ಲಿ, ಪಿಸ್ತೂಲಿನ ಗುರಿಗಾರಿಕೆಯ ಬಗ್ಗೆ ವಿಶೇಷ ಹೆಮ್ಮೆಯಿದ್ದ ಒಬ್ಬ ಅಧಿಕಾರಿಯ ಮೇಲೆ, ಭಾರವಾದ ಕತ್ತಿಯನ್ನು ಹಿಡಿದ ಗಟ್ಟಿಮುಟ್ಟಾದ ಸಿಪಾಯಿಯೊಬ್ಬನು ಏರಿಬಂದನು. ಅಧಿಕಾರಿಯ ಕೈಯಲ್ಲಿದ್ದುದು ಕೋಲ್ಟನ ನೇವಿ. ಅವನು ಹೆದರಲಿಲ್ಲ, ಓಡಲಿಲ್ಲ. ಏರಿಬರುತ್ತಿದ್ದವನ ಮೇಲೆ ಆರೂ ಗುಂಡುಗಳನ್ನು ಹಾರಿಸಿದನು. ಹಾರಿಸಿ, ತನ್ನ ಗುರಿಗಾರಿಕೆಯ ಫಲವೇನಾಯಿತೆಂದು ನೋಡುತ್ತ ಒಂದು ಕ್ಷಣ ಹೆಚ್ಚಾಗಿ ನಿಂತನು. ಆ ಕ್ಷಣದಲ್ಲಿ ಸಿಪಾಯಿಯ ಕತ್ತಿ ಅವನ ತಲೆಯನ್ನು ಹಲ್ಲಿನವರೆಗೆ ಸೀಳಿತು. ಕಡಿದ ಸಿಪಾಯಿ ಅವನ ಪಕ್ಕದಲ್ಲೇ ಬಿದ್ದು ಪ್ರಾಣ ಬಿಟ್ಟನು. ಆಮೇಲೆ ನೋಡಿದರೆ, ಆರರಲ್ಲಿ ಐದು ಗುಂಡುಗಳು ಎದೆಯ ಕೆಳಭಾಗದಲ್ಲಿ ಒಂದರ ಹತ್ತಿರ ಒಂದು ತಗುಲಿ, ಬೆನ್ನಿನಿಂದ ಹೊರಬಿದ್ದಿದ್ದುವು.

ಪಿಸ್ತೂಲಿನ ಚರಿತ್ರೆಯನ್ನು ಬರೆದವರು ಈ ಪ್ರಸಂಗವನ್ನು ಮತ್ತೆ ಮತ್ತೆ ಎತ್ತಿ ಹೇಳಿದ್ದಾರೆ. ಅವರಿಗೆ ಇದು ಒಂದು ಖರೀದಿಯ ವೈಫಲ್ಯದ ಕಥೆ: ಗುರಿಯೇನೋ ಅದ್ಭುತ, ಆದರೆ ಗುಂಡು ಚಿಕ್ಕದು, ಚೂಪಾಗಿ ವೇಗವಾಗಿ ಒಳಹೊಕ್ಕು ಹೊರಬೀಳುತ್ತದೆಯೇ ಹೊರತು ಶತ್ರುವನ್ನು ನಿಂತಲ್ಲೇ ತಡೆಯುವುದಿಲ್ಲ, ಆಡಮ್ಸನ ದಪ್ಪ ಗುಂಡಾಗಿದ್ದರೆ ಆ ಅಧಿಕಾರಿ ಬದುಕುತ್ತಿದ್ದ, ಎಂದು. ನಾನು ಇದನ್ನು ಅಷ್ಟು ಸುಲಭವಾಗಿ ಒಪ್ಪಲಾರೆ. ಮೊದಲನೆಯದಾಗಿ, ಫಾಸ್‌ಬೆರಿ ಸ್ವತಃ ಕಂಡದ್ದಲ್ಲ ಇದು, ಕಂಡವನೊಬ್ಬನಿಂದ ಕೇಳಿದ್ದು. ಅಧಿಕಾರಿಯ ಹೆಸರಿಲ್ಲ, ಊರಿನ ಹೆಸರಿಲ್ಲ. ಸೈನಿಕರ ಬಾಯಲ್ಲಿ ಹತ್ತಾರು ವರ್ಷ ಹೊರಳಿದ ಕಥೆ ನದಿಯ ಕಲ್ಲಿನಂತೆ ನುಣುಪಾಗುವುದು ಸಹಜ. ಎರಡನೆಯದಾಗಿ, ಶರೀರಶಾಸ್ತ್ರ ಇಂದು ಹೇಳುವ ಮಾತೊಂದಿದೆ. ಮಿದುಳಿಗೋ ಬೆನ್ನುಹುರಿಗೋ ಪೆಟ್ಟು ಬೀಳದ ಹೊರತು, ಹೃದಯವೇ ಹರಿದುಹೋದರೂ, ಮಿದುಳಿನಲ್ಲಿ ಉಳಿದಿರುವ ಪ್ರಾಣವಾಯುವಿನ ಬಲದಿಂದ ಮನುಷ್ಯ ಹತ್ತು ಹದಿನೈದು ಸೆಕೆಂಡು ತನ್ನ ಸಂಕಲ್ಪವನ್ನು ನಡೆಸಬಲ್ಲ. ಕತ್ತಿಯನ್ನು ಎತ್ತಿ ಇಳಿಸಲು ಅಷ್ಟು ಸಮಯ ಬೇಡ. ದಪ್ಪ ಗುಂಡು ಗಾಯವನ್ನು ಹಿರಿದಾಗಿಸುತ್ತದೆ, ನಿಜ. ಆದರೆ ಎದೆಯ ಕೆಳಭಾಗಕ್ಕೆ ಬಿದ್ದ ಯಾವ ಪಿಸ್ತೂಲಿನ ಗುಂಡೂ ಓಡಿಬರುವ ಆಳನ್ನು ಗೋಡೆಗೆ ತಾಗಿದಂತೆ ನಿಲ್ಲಿಸುತ್ತದೆಂಬ ಭರವಸೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಮೂರನೆಯ ಮಾತು ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುತ್ತದೆ. ಈ ಕಥೆಯಲ್ಲಿ ಪಿಸ್ತೂಲಿಗೆ ಹೆಸರಿದೆ, ಕಾರ್ಖಾನೆಯ ಹೆಸರಿದೆ, ಗುಂಡಿನ ಆಕಾರದ ವರ್ಣನೆಯಿದೆ. ಐದು ಗುಂಡು ಎದೆಯಲ್ಲಿ ಹೊಕ್ಕ ಮೇಲೂ ಹೆಜ್ಜೆ ತಪ್ಪದೆ ಬಂದವನು ಯಾರು, ಯಾವ ಊರಿನವನು, ಏತಕ್ಕಾಗಿ ಬಂದನು ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ. ಅವನು ಪಿಸ್ತೂಲಿನ ಪರೀಕ್ಷೆಗೆ ಇಟ್ಟ ಹಲಗೆಯಂತೆ ಕಥೆಯಲ್ಲಿ ನಿಂತಿದ್ದಾನೆ. ಒಬ್ಬ ಮನುಷ್ಯನ ಕೆಚ್ಚನ್ನು ಒಂದು ಸರಕಿನ ದೋಷವೆಂದು ಲೆಕ್ಕ ಬರೆದುಕೊಂಡ ಬಗೆಯಿದು.

ನಮ್ಮ ನಾಡಿನಲ್ಲಿ ಅದೇ ಕಾಲದಲ್ಲಿ ಆಯುಧದ ವಿಚಾರ ಬೇರೊಂದು ರೂಪದಲ್ಲಿ ಬಂದಿತು. ಇಲ್ಲಿ ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆಯಿರಲಿಲ್ಲ. ಇದ್ದುದನ್ನು ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಯಿತ್ತು. 1857ರ ನಿಶ್ಶಸ್ತ್ರೀಕರಣದ ಕಾಯಿದೆಯ ಮೇರೆಗೆ ಮನೆಮನೆಯ ಆಯುಧಗಳನ್ನು ಒಪ್ಪಿಸಬೇಕೆಂಬ ಅಪ್ಪಣೆ ಹೊರಟಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿದರು. ಆಯುಧವೇ ಅವರ ಕಸುಬು, ಅವರ ಮಾನ. ಆ ವರ್ಷದ ನವೆಂಬರ್ ಕೊನೆಯಲ್ಲಿ ಕಂಪನಿಯ ಸೈನ್ಯ ಹಲಗಲಿಯನ್ನು ಮುತ್ತಿ ಸುಟ್ಟಿತು. ಮುಂದಿನ ತಿಂಗಳು 19 ಜನರನ್ನು ನೇಣಿಗೆ ಹಾಕಲಾಯಿತು. ಜನ ಅದನ್ನು ಲಾವಣಿ ಕಟ್ಟಿ ಹಾಡಿದರು. ನಮ್ಮ ಕಾಲೇಜುಗಳಲ್ಲಿ ಆ ಲಾವಣಿಯನ್ನು ಪಾಠ ಹೇಳುವಾಗ ಛಂದಸ್ಸು, ಭಾಷೆ ಇವುಗಳ ವಿಚಾರ ಮುಗಿಯುವಷ್ಟರಲ್ಲಿ ಗಂಟೆ ಬಾರಿಸಿಬಿಡುತ್ತದೆ. ಆ ಬೇಡರ ಕೈಯಲ್ಲಿದ್ದ ಹತಾರಗಳಿಗೂ ಅವರ ಎದುರು ಬಂದ ಅಧಿಕಾರಿಗಳ ಸೊಂಟದಲ್ಲಿದ್ದ ಹತಾರಗಳಿಗೂ ಇದ್ದ ಅಂತರದ ಮಾತು ಬರುವುದೇ ಇಲ್ಲ.

ರಿವಾಲ್ವರು ನಮ್ಮ ಕನ್ನಡ ನಾಡಿನ ಚರಿತ್ರೆಯಲ್ಲಿ ನೇರವಾಗಿ ಕಾಣಿಸಿಕೊಳ್ಳುವುದು ಮರುವರ್ಷ, ಸುರಪುರದ ರಾಜ ವೆಂಕಟಪ್ಪ ನಾಯಕನ ಮರಣದಲ್ಲಿ. ಅವನನ್ನು ಚಿಕ್ಕಂದಿನಿಂದ ಬಲ್ಲ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿರುವಂತೆ, ರಾಜನಿಗೆ ವಿಧಿಸಿದ್ದ ಮರಣದಂಡನೆ ಇಳಿಯುತ್ತ ಇಳಿಯುತ್ತ ನಾಲ್ಕು ವರ್ಷಗಳ ಸೆರೆಯಾಗಿತ್ತು. 1858ರಲ್ಲಿ ಅವನನ್ನು ಚೆಂಗಲ್ಪಟ್ಟಿನ ಕಡೆಗೆ ಕರೆದೊಯ್ಯುವಾಗ, ಬೀಡುಬಿಟ್ಟ ಜಾಗದಲ್ಲಿ ಕಾವಲಿನ ಅಧಿಕಾರಿ ತನ್ನ ಸೊಂಟಪಟ್ಟಿಯನ್ನೂ ರಿವಾಲ್ವರನ್ನೂ ಕಳಚಿ ಇಟ್ಟಿದ್ದನು. ಆ ರಿವಾಲ್ವರಿನ ಗುಂಡಿನಿಂದಲೇ ರಾಜ ಸತ್ತನು. ತಾನೇ ಹೊಡೆದುಕೊಂಡನೆಂದು ಟೇಲರ್ ಹೇಳುತ್ತಾನೆ. ಇದನ್ನು ಒಪ್ಪದೆ, ಕೊಂದರೆಂದೇ ಹೇಳುವವರು ಸುರಪುರದ ಕಡೆ ಇಂದಿಗೂ ಇದ್ದಾರೆ.

ಭಾಷೆಯ ಮಾತು ಬಂದುದರಿಂದ ಒಂದು ಸಣ್ಣ ಸಂಗತಿ. ತುಪಾಕಿ ತುರ್ಕರ ಕಡೆಯಿಂದ ಬಂದ ಮಾತು, ಬಂದೂಕು ಅರಬ್ಬೀ ಪಾರಸೀ ದಾರಿಯಾಗಿ ಬಂದದ್ದು, ಪಿಸ್ತೂಲು ಯುರೋಪಿಯನ್ನರದು. ಇವು ಮೂರನ್ನೂ ನಾವು ಬಾಯಿಗೆ ಒಗ್ಗಿಸಿಕೊಂಡೆವು. ನಮ್ಮದೇ ಆದ ಕೋವಿ ಎಂಬ ಮಾತು ಟೊಳ್ಳಾದ ಕೊಳವೆಗೂ ಸಲ್ಲುತ್ತಿತ್ತು. ರಿವಾಲ್ವರಿಗೆ ಮಾತ್ರ ನಾವು ಹೆಸರಿಡುವ ಗೋಜಿಗೆ ಹೋಗಲಿಲ್ಲ. ಅದು ಬಂದ ಹೊತ್ತಿಗೆ ನಮ್ಮ ಕೈಯ ಕೋವಿಗಳೇ ಕಚೇರಿಯ ಪಾಲಾಗುತ್ತಿದ್ದುವು. ಕೊಡಗಿನವರಿಗೆ ಮಾತ್ರ ಮುಂದೆ ಆಯುಧ ಕಾಯಿದೆಯಿಂದ ವಿನಾಯಿತಿ ದೊರೆಯಿತು.

ಲಂಡನ್ನಿನ ಜಗಳ ಹೇಗೆ ಮುಗಿಯಿತು? ವಾಸ್ತವವಾಗಿ ಅದಕ್ಕೆ ಪರಿಹಾರ ದಂಗೆಗೆ ಮೊದಲೇ ಸಿಕ್ಕಿತ್ತು. ಫ್ರೆಡರಿಕ್ ಬ್ಯೂಮಾಂಟ್ ಎಂಬ ರಾಯಲ್ ಎಂಜಿನಿಯರ್ಸ್ ದಳದ ಲೆಫ್ಟಿನೆಂಟ್ 1855ರಲ್ಲಿ ಆಡಮ್ಸನ ಪಿಸ್ತೂಲನ್ನು ತಿದ್ದಿ, ಸಮಯವಿದ್ದರೆ ಹೆಬ್ಬೆರಳಿನಿಂದ ಕುದುರೆಯೆಳೆದು ಗುರಿಯಿಟ್ಟು ಹೊಡೆಯುವ, ಶತ್ರು ಮೈಮೇಲೆ ಬಂದರೆ ಒಂದೇ ಎಳೆತದಲ್ಲಿ ಹಾರಿಸುವ ಎರಡೂ ಅನುಕೂಲಗಳನ್ನು ಒದಗಿಸಿದನು. ಮರುವರ್ಷ ಬ್ರಿಟಿಷ್ ಸೈನ್ಯ ಅದನ್ನು ಸ್ವೀಕರಿಸಿತು. ಕೋಲ್ಟ್ ಪಿಮ್ಲಿಕೋದ ಬಾಗಿಲು ಮುಚ್ಚಿ ಅಮೆರಿಕದ ಹಾದಿ ಹಿಡಿದನು. ಆದರೂ ದಂಗೆಯ ಕಾಲದಲ್ಲಿ ಅಧಿಕಾರಿಗಳ ಸೊಂಟದಲ್ಲಿ ಎರಡೂ ಜಾತಿಯ ಪಿಸ್ತೂಲುಗಳು ಇದ್ದುವು. ಮನುಷ್ಯ ಹಣ ಕೊಟ್ಟು ಕೊಂಡು ಕೈಗೆ ಒಗ್ಗಿಸಿಕೊಂಡದ್ದನ್ನು ಸುತ್ತೋಲೆ ನೋಡಿ ಬದಲಾಯಿಸುವುದಿಲ್ಲ.

ಇದೇ ನಾಟಕ ಇನ್ನೊಮ್ಮೆ ಆಡಲ್ಪಟ್ಟಿತು, ಅಮೆರಿಕದವರ ಪಾಲಿಗೆ. 1892ರಲ್ಲಿ ಅವರ ಸೈನ್ಯ ಹಳೆಯ 45ರ ಅಳತೆಯ ರಿವಾಲ್ವರನ್ನು ಬಿಟ್ಟು 38ರ ಅಳತೆಯ ಹೊಸ ಕೋಲ್ಟನ್ನು ತೆಗೆದುಕೊಂಡಿತು. 1899ರಲ್ಲಿ ಫಿಲಿಪ್ಪೀನ್ಸಿನ ಯುದ್ಧ ಮೊದಲಾದ ಮೇಲೆ, ಅದರ ಗುಂಡು ತಗುಲಿದರೂ ಆಳು ಬೀಳುವುದಿಲ್ಲವೆಂಬ ದೂರು ಮೇಲಿಂದ ಮೇಲೆ ಬರತೊಡಗಿತು. ಗುಜರಿಗೆ ಹಾಕಿದ್ದ ಹಳೆಯ 45ಗಳನ್ನು ಮರಳಿ ತೆಗೆದು ಕಳುಹಿಸಬೇಕಾಯಿತು. 1905ರಲ್ಲಿ ಸಮಾರ್ ದ್ವೀಪದಲ್ಲಿ ತಪ್ಪಿಸಿಕೊಳ್ಳಲೆತ್ನಿಸಿದ ಅಂತೋನಿಯೋ ಕಾಸ್ಪಿ ಎಂಬ ಕೈದಿಗೆ ಹತ್ತಿರದಿಂದಲೇ ನಾಲ್ಕು ಗುಂಡು ತಗುಲಿದರೂ ಅವನು ಬಗ್ಗದೆ, ಕೊನೆಗೆ ಬಂದೂಕಿನ ಹಿಡಿಯಿಂದ ಹಣೆಗೆ ಹೊಡೆದು ಕೆಡವಬೇಕಾಯಿತೆಂದು ಸೇನಾವೈದ್ಯ ಲೂಯಿ ಲಗಾರ್ಡ್ ದಾಖಲಿಸಿದ್ದಾನೆ. ಇಲ್ಲಿ ಹೆಸರಾದರೂ ಉಳಿಯಿತು. ಈ ಲಗಾರ್ಡನೂ ಥಾಂಪ್ಸನ್ ಎಂಬ ಅಧಿಕಾರಿಯೂ ಸೇರಿ 1904ರಲ್ಲಿ ಶಿಕಾಗೋದ ಕಸಾಯಿಖಾನೆಯ ದನಗಳ ಮೇಲೂ ಮನುಷ್ಯರ ಶವಗಳ ಮೇಲೂ ನಾನಾ ಅಳತೆಯ ಗುಂಡುಗಳನ್ನು ಹಾರಿಸಿ ನೋಡಿದರು. ಆ ಪರೀಕ್ಷೆಯ ವಿವರಗಳನ್ನು ಓದುವುದು ಹೇಸಿಗೆಯ ಕೆಲಸ, ಶಾಸ್ತ್ರೀಯತೆಯೂ ಅಷ್ಟಕ್ಕಷ್ಟೆ. 45ಕ್ಕಿಂತ ಚಿಕ್ಕ ಅಳತೆ ಬೇಡವೆಂದು ಅವರು ತೀರ್ಮಾನಿಸಿದರು. ಅದರಂತೆ ಜಾನ್ ಬ್ರೌನಿಂಗ್ ಕಲ್ಪಿಸಿದ ಪಿಸ್ತೂಲನ್ನು 1911ರಲ್ಲಿ ಒಪ್ಪಿ, 1985ರವರೆಗೆ ಅದನ್ನೇ ಸೈನ್ಯದ ಅಧಿಕೃತ ಪಿಸ್ತೂಲಾಗಿ ಇಟ್ಟುಕೊಂಡರು.

ಇಂಗ್ಲಿಷರು ಇದೇ ಹಾದಿಯಲ್ಲಿ ಹಿಂದುಮುಂದಾಗಿ ನಡೆದದ್ದು ತಮಾಷೆಯಾಗಿದೆ. ಅವರು 1887ರಲ್ಲಿ ವೆಬ್ಲಿಯವರ ದಪ್ಪ ಗುಂಡಿನ ರಿವಾಲ್ವರನ್ನು ಸ್ವೀಕರಿಸಿ ಮೊದಲ ಮಹಾಯುದ್ಧವನ್ನು ಅದರಿಂದಲೇ ಕಳೆದರು. ಯುದ್ಧ ಮುಗಿದ ಮೇಲೆ ಬೇರೆ ದೂರು ಎದ್ದಿತು: ಇಷ್ಟು ಭಾರದ, ಇಷ್ಟು ಒದೆಯುವ ಪಿಸ್ತೂಲಿನಲ್ಲಿ ಹೊಸಬರಿಗೆ ಗುರಿ ಕಲಿಸುವುದೇ ಕಷ್ಟ, ತಗುಲದ ದಪ್ಪ ಗುಂಡಿಗಿಂತ ತಗುಲುವ ಸಣ್ಣ ಗುಂಡು ಮೇಲು, ಎಂದು. 1932ರಲ್ಲಿ 38ರ ಅಳತೆಯ ಎನ್‌ಫೀಲ್ಡ್ ರಿವಾಲ್ವರು ಸೈನ್ಯಕ್ಕೆ ಬಂದಿತು. 1851ರಲ್ಲಿ ಕೋಲ್ಟ್ ಹೇಳಿದ ವಾದ ಎಂಬತ್ತು ವರ್ಷಗಳ ಮೇಲೆ ಅವನ ಎದುರಾಳಿಗಳ ಮನೆಯಲ್ಲೇ ಗೆದ್ದಂತಾಯಿತು.

ಫಾಸ್‌ಬೆರಿಯ ಸಂಗತಿ ಇನ್ನೂ ಸ್ವಲ್ಪ ಇದೆ. ನಿವೃತ್ತನಾದ ಮೇಲೆ ಅವನು, ಒಂದು ಗುಂಡಿನ ಒದೆತದ ಬಲದಿಂದಲೇ ಉರುಳೆ ತಿರುಗಿ ಕುದುರೆ ನಿಲ್ಲುವಂತೆ ಮಾಡುವ ಹೊಸ ಬಗೆಯ ರಿವಾಲ್ವರನ್ನು ಯೋಚಿಸಿ 1895ರಲ್ಲಿ ಹಕ್ಕುಪತ್ರ ಪಡೆದನು. ಕೋಲ್ಟನ ಹಗುರಾದ ಟ್ರಿಗರು, ಆಡಮ್ಸನ ವೇಗ, ವೆಬ್ಲಿಯ ದಪ್ಪ ಗುಂಡು, ಮೂರೂ ಅದರಲ್ಲಿದ್ದುವು. ವೆಬ್ಲಿ ಕಂಪನಿ ಅದನ್ನು ತಯಾರಿಸಿ ಮಾರಾಟಕ್ಕಿಟ್ಟಿತು. ಗುರಿಯ ಆಟದ ಬಯಲುಗಳಲ್ಲಿ ಅದಕ್ಕೆ ಬಹಳ ಹೆಸರು ಬಂದಿತು. ಸರಕಾರ ಅದನ್ನು ಅಧಿಕೃತವಾಗಿ ಸ್ವೀಕರಿಸಲೇ ಇಲ್ಲ. ಆದರೂ ಅನೇಕ ಅಧಿಕಾರಿಗಳು, ತಮ್ಮ ಅಜ್ಜಂದಿರ ಪದ್ಧತಿಯಂತೆ, ಸ್ವಂತ ಹಣದಿಂದ ಅದನ್ನು ಕೊಂಡು 1914ರ ಯುದ್ಧಕ್ಕೆ ಒಯ್ದರು. ಫಾಸ್‌ಬೆರಿ ಆ ಹೊತ್ತಿಗೆ ತೀರಿಕೊಂಡಿದ್ದನು. ಮೇಲುಭಾಗವೆಲ್ಲ ಹಿಂದಕ್ಕೂ ಮುಂದಕ್ಕೂ ಜಾರಬೇಕಾದ ಆ ನಾಜೂಕಿನ ಯಂತ್ರಕ್ಕೆ ಫ್ರಾನ್ಸಿನ ಕಂದಕಗಳ ಕೆಸರು ಮೆತ್ತಿಕೊಂಡಾಗ ಅದು ಅಲ್ಲಲ್ಲೇ ಕಚ್ಚಿ ನಿಲ್ಲತೊಡಗಿತು. ಹಿಡಿಯನ್ನು ಗಟ್ಟಿಯಾಗಿ ಹಿಡಿಯದಿದ್ದರೂ ಅದು ಸರಿಯಾಗಿ ತಿರುಗುತ್ತಿರಲಿಲ್ಲ. ಕೊಂಡವರಲ್ಲಿ ಹಲವರು ಅದನ್ನು ಪೆಟ್ಟಿಗೆಗೆ ಸೇರಿಸಿ, ಸರಕಾರದ ಸಾದಾ ವೆಬ್ಲಿಯನ್ನೇ ಸೊಂಟಕ್ಕೆ ಕಟ್ಟಿಕೊಂಡರು.